ಪತ್ತೆಯಾಗದ ಅಪರಾಧವನ್ನು ಬರೆದಿಡುವ ಬಗೆ

ಕೊಲೆಗಾರನು ಸಿಕ್ಕಿಬಿದ್ದ ಮೇಲೆ ಕೊಲೆಯ ಕಥೆಗೆ ಒಂದು ಮುಕ್ತಾಯವುಂಟು. ನ್ಯಾಯಾಲಯದ ತೀರ್ಪು ಬಂದು, ಶಿಕ್ಷೆಯಾಗಿ, ಜನರು ಬೇರೆ ಮಾತಿಗೆ ತೊಡಗುತ್ತಾರೆ. ಅವನು ಸಿಕ್ಕದೆ ಹೋದರೆ ಹಾಗಲ್ಲ. ಮೊದಲ ವಾರ ಊರೆಲ್ಲ ಅದೇ ಮಾತು. ಕಾಫಿ ಹೋಟೆಲಿನಲ್ಲಿ, ಬಸ್ ನಿಲ್ದಾಣದಲ್ಲಿ, ಅಷ್ಟೇ ಏಕೆ, ವಿದ್ಯಾರ್ಥಿನಿಲಯದ ಊಟದ ಮನೆಯಲ್ಲಿಯೂ ಪ್ರತಿಯೊಬ್ಬನೂ ಒಬ್ಬ ಪತ್ತೇದಾರನೇ. ಆರು ತಿಂಗಳು ಕಳೆಯುವಷ್ಟರಲ್ಲಿ ಸತ್ತವರ ಮನೆಯವರನ್ನು ಬಿಟ್ಟರೆ ಆ ಸಂಗತಿ ಮತ್ತಾರಿಗೂ ಬೇಕಾಗಿರುವುದಿಲ್ಲ. ಇಂಥ ಮರೆವನ್ನು ತಡೆಯುವುದಕ್ಕಾಗಿ ಬರೆಯುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಬರೆಯಬೇಕಾದದ್ದೂ ಹೌದು. ಆದರೆ ಬರೆಯುವ ಬಗೆಯಲ್ಲಿ ಭೇದವಿದೆ. ಒಂದು ಬಗೆಯ ಬರವಣಿಗೆ ಸತ್ಯವನ್ನು ಮುಂದಿನವರಿಗಾಗಿ ಕಾಪಾಡುತ್ತದೆ. ಇನ್ನೊಂದು, ಕೊಲೆಗಾರನು ಮುಚ್ಚಿಟ್ಟದ್ದರ ಮೇಲೆ ತಾನೂ ಒಂದು ಬುಟ್ಟಿ ಮಣ್ಣು ಹಾಕುತ್ತದೆ.

ಇದನ್ನು ವಿಚಾರಮಾಡಲು ನಮ್ಮ ಸೀಮೆಯ ಪ್ರಕರಣವೊಂದನ್ನೇ ತೆಗೆದುಕೊಳ್ಳಬಹುದಾಗಿತ್ತು. ಬೇಕೆಂದೇ ಬಿಟ್ಟಿದ್ದೇನೆ. ಅಂಥವುಗಳಲ್ಲಿ ಸತ್ತವರ ತಾಯಿತಂದೆಗಳೂ, ಸಂಶಯಕ್ಕೆ ಗುರಿಯಾಗಿ ಬಿಡುಗಡೆ ಹೊಂದಿದವರೂ ಇನ್ನೂ ನಮ್ಮ ನಡುವೆ ಬಾಳುತ್ತಿದ್ದಾರೆ; ಕೇವಲ ನಿದರ್ಶನಕ್ಕಾಗಿ ಅವರ ಗಾಯವನ್ನು ಕೆದಕುವುದು ಸಲ್ಲದು. ಆದ್ದರಿಂದ ನೂರು ವರ್ಷಗಳಿಗೂ ಹಿಂದಿನ, ಲಂಡನ್ ನಗರದ ವೈಟ್‌ಚಾಪೆಲ್ ಕೊಲೆಗಳನ್ನು ಆರಿಸಿಕೊಂಡಿದ್ದೇನೆ. ಸಾಕ್ಷ್ಯವನ್ನು ಉಳಿಸಿದ್ದಕ್ಕೂ ಕೆಡಿಸಿದ್ದಕ್ಕೂ ಅಲ್ಲಿ ಬೇಕಾದಷ್ಟು ಉದಾಹರಣೆಗಳಿವೆ.

ವೈಟ್‌ಚಾಪೆಲ್ ಲಂಡನ್ನಿನ ಪೂರ್ವಭಾಗದ ಬಡವರ ಕೇರಿ. ೧೮೮೮ನೆಯ ಇಸವಿ ಆಗಸ್ಟ್ ೩೧ರ ಬೆಳಗಿನ ಜಾವ ಅಲ್ಲಿ ಮೇರಿ ಆನ್ ನಿಕಲ್ಸ್ ಎಂಬಾಕೆಯ ದೇಹ ಬೀದಿಯಲ್ಲಿ ದೊರೆಯಿತು. ಸೆಪ್ಟೆಂಬರ್ ೮ರಂದು ಆನಿ ಚಾಪ್‌ಮನ್, ಅದೇ ತಿಂಗಳ ೩೦ರಂದು ಒಂದೇ ರಾತ್ರಿಯಲ್ಲಿ ಎಲಿಜಬೆತ್ ಸ್ಟ್ರೈಡ್ ಮತ್ತು ಕ್ಯಾಥರೀನ್ ಎಡ್ಡೋಸ್, ನವೆಂಬರ್ ೯ರಂದು ಮೇರಿ ಜೇನ್ ಕೆಲ್ಲಿ. ಈ ಐವರನ್ನು ಕೊಂದವನು ಒಬ್ಬನೇ ಎಂದು ಸಾಮಾನ್ಯವಾಗಿ ನಂಬಲಾಗಿದೆ. ಪೋಲೀಸರ ಕಡತದಲ್ಲಾದರೋ ೧೮೮೮ರ ಏಪ್ರಿಲಿನಿಂದ ೧೮೯೧ರ ಫೆಬ್ರವರಿಯವರೆಗೆ ಒಟ್ಟು ಹನ್ನೊಂದು ಕೊಲೆಗಳು ಸೇರಿವೆ. ಒಂದಕ್ಕೂ ಅಪರಾಧಿ ಸಿಕ್ಕಲಿಲ್ಲ.

ಮೊದಲು ಪತ್ರಿಕೆಗಳ ವಿಷಯ. ಸೆಪ್ಟೆಂಬರ್ ಮೊದಲ ವಾರದಲ್ಲಿಯೇ ಒಂದು ಸಂಜೆ ಪತ್ರಿಕೆಯು 'ತೊಗಲು ಏಪ್ರನ್' ಎಂಬ ಅಡ್ಡಹೆಸರಿನವನೊಬ್ಬನು ಕೊಲೆಗಾರನೆಂದು ಬಗೆಬಗೆಯಾಗಿ ಬಣ್ಣಿಸತೊಡಗಿತು. ಅವನು ಯೆಹೂದ್ಯನೆಂಬ ಮಾತೂ ಅದರೊಂದಿಗೆ ಹಬ್ಬಿತು. ಜಾನ್ ಪೈಜರ್ ಎಂಬ ಪಾದರಕ್ಷೆ ಕೆಲಸದ ಯೆಹೂದ್ಯನ ಮೇಲೆ ಸಂಶಯ ಬಂದಿತು. ಹೊರಗೆ ಕಾಲಿಟ್ಟರೆ ಗುಂಪು ತನ್ನನ್ನು ಸೀಳಿಹಾಕುವುದೆಂದು ಹೆದರಿ ಆತ ಬಂಧುಗಳ ಮನೆಯಲ್ಲಿ ಅಡಗಿದ್ದನು. ಅಡಗಿದ್ದೇ ಅಪರಾಧಕ್ಕೆ ಪುರಾವೆಯಾಯಿತು! ಸೆಪ್ಟೆಂಬರ್ ೧೦ರಂದು ಬಂಧನವಾಯಿತು. ವಿಚಾರಿಸಿದರೆ, ನಿಕಲ್ಸಳ ಕೊಲೆಯಾದ ರಾತ್ರಿ ಆತ ದೂರದ ಬೀದಿಯೊಂದರಲ್ಲಿ, ಬಂದರುಕಟ್ಟೆಗೆ ಬಿದ್ದ ಬೆಂಕಿಯ ವಿಷಯವಾಗಿ ಪೋಲೀಸಿನವನೊಬ್ಬನೊಡನೆಯೇ ಮಾತನಾಡುತ್ತ ನಿಂತಿದ್ದನು. ಮರಣ ವಿಚಾರಣೆ ನಡೆಸುತ್ತಿದ್ದ ಕಾರೋನರರು ಪೈಜರನನ್ನು ಕರೆಯಿಸಿ, ಆತ ತನ್ನ ನಿರ್ದೋಷವನ್ನು ಎಲ್ಲರೆದುರಿಗೆ ಹೇಳಿಕೊಳ್ಳುವಂತೆ ಅವಕಾಶ ಕೊಟ್ಟರು. ಆ ಇಡೀ ಪ್ರಕರಣದಲ್ಲಿ ನನಗೆ ಮೆಚ್ಚಿಕೆಯಾದ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

ಆಮೇಲೆ ಬಂದದ್ದು ಕೆಂಪು ಶಾಯಿಯ ಕಾಗದ. ಸೆಪ್ಟೆಂಬರ್ ೨೭ರಂದು ಒಂದು ಸುದ್ದಿಸಂಸ್ಥೆಗೆ ಬಂದ ಈ ಕಾಗದದ ಅಡಿಯಲ್ಲಿ 'ಜ್ಯಾಕ್ ದಿ ರಿಪ್ಪರ್' ಎಂಬ ಸಹಿಯಿತ್ತು. ಇಂದು ಲೋಕಕ್ಕೆಲ್ಲ ಪರಿಚಿತವಾಗಿರುವ ಆ ಹೆಸರು ಹುಟ್ಟಿದ್ದು ಹೀಗೆ. ಇದು ಯಾವನೋ ಪತ್ರಿಕಾಕರ್ತನ ಕೈಚಳಕವೆಂದು ಮೇಲಣ ಪೋಲೀಸ್ ಅಧಿಕಾರಿಗಳೇ ಮುಂದೆ ಅಭಿಪ್ರಾಯಪಟ್ಟರು. ಆದರೆ ಕಾಗದ ಅಚ್ಚಾಗಿ, ಅದರ ಪ್ರತಿಕೃತಿಯ ಭಿತ್ತಿಪತ್ರಗಳು ಗೋಡೆಗಳಿಗೆ ಏರಿಯಾಗಿತ್ತು. ಅದನ್ನು ನೋಡಿ ಚೇಷ್ಟೆಗಾರರು ನೂರಾರು ಕಾಗದಗಳನ್ನು ಬರೆದರು; ಒಂದೊಂದನ್ನೂ ಪರಿಶೀಲಿಸುವುದರಲ್ಲಿ ಪತ್ತೇದಾರರ ಹೊತ್ತು ಕಳೆಯಿತು. ಒಬ್ಬ ಕೊಲೆಪಾತಕನಿಗೆ ನಾಟಕದ ಪಾತ್ರಕ್ಕೆ ಒಪ್ಪುವಂಥ ಹೆಸರು ದೊರೆಯಿತು. ಸತ್ತ ಹೆಂಗಸರಿಗೆ ದೊರೆತದ್ದು 'ಬೀದಿಯ ಹೆಂಗಸರು' ಎಂಬ ಒಂದೇ ಮಾತು.

ಪತ್ರಿಕೆಗಳನ್ನು ಇಷ್ಟು ಹಳಿದ ಮೇಲೆ ಅವುಗಳ ಋಣವನ್ನೂ ಹೇಳಬೇಕು. ಈ ಕೊಲೆಗಳ ಮರಣ ವಿಚಾರಣೆಯ ಅಧಿಕೃತ ಕಾಗದಪತ್ರಗಳಲ್ಲಿ ಹೆಚ್ಚಿನವು ಇಂದು ಉಳಿದಿಲ್ಲ. ಸಾಕ್ಷಿಗಳು ಏನು ಹೇಳಿದರೆಂಬುದು ನಮಗೆ ತಿಳಿದಿರುವುದು, ಬಹುಮಟ್ಟಿಗೆ, ಅಂದು ಆ ಕೊಠಡಿಯಲ್ಲಿ ಕುಳಿತು ಶೀಘ್ರಲಿಪಿಯಲ್ಲಿ ಬರೆದುಕೊಂಡ ವರದಿಗಾರರಿಂದ. ಅವರ ಹೆಸರುಗಳೂ ನಮಗೆ ಗೊತ್ತಿಲ್ಲ. ಕೇಳಿದ್ದನ್ನು ಕೇಳಿದಂತೆ, ಇಂಥವರು ಇಂಥ ದಿನ ಹೇಳಿದರೆಂದು ಬರೆದರು; ಅಷ್ಟೆ.

ಪೋಲೀಸರ ದಾಖಲೆಯಲ್ಲಿಯೂ ಇಂಥ ಎರಡು ಮುಖಗಳಿವೆ. ಸೆಪ್ಟೆಂಬರ್ ೩೦ರ ರಾತ್ರಿ ಎಡ್ಡೋಸಳ ಏಪ್ರನ್ ಬಟ್ಟೆಯ ಹರಿದ ತುಂಡೊಂದು ಗೌಲ್‌ಸ್ಟನ್ ಬೀದಿಯ ಒಂದು ಬಾಗಿಲಂಚಿನಲ್ಲಿ ಸಿಕ್ಕಿತು. ಅದರ ಮೇಲಣ ಗೋಡೆಯಲ್ಲಿ ಯೆಹೂದ್ಯರನ್ನು ಕುರಿತು ಸೀಮೆಸುಣ್ಣದ ಬರಹವೊಂದಿತ್ತು. ಬೆಳಕು ಹರಿದ ಮೇಲೆ ಛಾಯಾಚಿತ್ರ ತೆಗೆಯಬೇಕೆಂದು ಒಂದು ಪಕ್ಷದವರು ಬೇಡಿದರು. ಜನ ಅದನ್ನು ಕಂಡರೆ ಯೆಹೂದ್ಯರ ಮೇಲೆ ದೊಂಬಿಯಾದೀತೆಂದು ಅಂಜಿ ಪೋಲೀಸ್ ಕಮೀಷನರ್ ಸರ್ ಚಾರ್ಲ್ಸ್ ವಾರನ್ ಅದನ್ನು ಅಳಿಸಿಹಾಕಿಸಿದರು. ಅಂಜಿಕೆಗೆ ಕಾರಣವಿರಲಿಲ್ಲವೆನ್ನಲಾಗದು, ಪೈಜರನಿಗೆ ಆದದ್ದನ್ನು ನೋಡಿದ್ದೇವಲ್ಲ. ಆದರೆ ಒಂದು ಬಟ್ಟೆಯನ್ನು ಮುಚ್ಚಿ ಗಂಟೆಯ ಕಾಲ ಕಾಯ್ದಿದ್ದರೆ ಸಾಕಾಗುತ್ತಿತ್ತೆಂದು ತೋರುತ್ತದೆ. ಅಲ್ಲಿದ್ದ ಪೋಲೀಸರು ಬರೆದುಕೊಂಡ ಪ್ರತಿಗಳು ಒಂದರಂತೆ ಒಂದಿಲ್ಲ. ಪದಗಳ ಕ್ರಮ ಬೇರೆ, ಅಕ್ಷರಗಳೂ ಬೇರೆ. ಅದನ್ನು ಬರೆದವನು ಕೊಲೆಗಾರನೋ ಅಲ್ಲವೋ ಎಂಬ ವಾದ ಇಂದಿಗೂ ನಿಂತಿಲ್ಲ, ತೀರ್ಮಾನಿಸಲು ಗೋಡೆಯಿಲ್ಲ.

ಇದಕ್ಕೆ ಎದುರಾಗಿ ಒಂದು ಪಟ್ಟಿಯ ಕಥೆಯನ್ನು ಹೇಳುತ್ತೇನೆ. ಅದೇ ಎಡ್ಡೋಸಳ ಮೈಮೇಲಿದ್ದ ವಸ್ತುಗಳನ್ನೆಲ್ಲ ಯಾವನೋ ಅಧಿಕಾರಿ ಒಂದೊಂದಾಗಿ ಬರೆದಿಟ್ಟನು. ಚಹಾ ತುಂಬಿದ ತಗಡಿನ ಡಬ್ಬಿ ಒಂದು, ಸಕ್ಕರೆಯದು ಇನ್ನೊಂದು, ಆರು ಚೂರು ಸಾಬೂನು, ಒಂದು ಹಣಿಗೆ, ಒಂದು ಚಮಚ, ಊಟದ ಚಾಕು, ಸೆಣಬಿನ ದಾರದ ಉಂಡೆ, ಜೋಡಿಯಿಲ್ಲದ ಕೆಂಪು ಕೈಗವಸು, ಕನ್ನಡಕದ ಒಂದು ಭಾಗ, ಸಾಸಿವೆ ಡಬ್ಬಿಯೊಳಗೆ ಗಿರವಿ ಅಂಗಡಿಯ ಎರಡು ಚೀಟಿ. ಮನೆಯಿಲ್ಲದವಳು ತನ್ನ ಮನೆಯನ್ನೆಲ್ಲ ಮೈಮೇಲೆಯೇ ಹೊತ್ತು ತಿರುಗುತ್ತಿದ್ದಳೆಂಬುದು ಈ ಪಟ್ಟಿಯಿಂದ ತಿಳಿಯುವಷ್ಟು ಬೇರೆ ಯಾವ ವರ್ಣನೆಯಿಂದಲೂ ತಿಳಿಯದು. ಸತ್ತವಳು ಯಾರೆಂಬುದು ಮೊದಲು ಗೊತ್ತಿರಲಿಲ್ಲ. ಗಿರವಿ ಚೀಟಿಗಳ ಸುದ್ದಿ ಪತ್ರಿಕೆಯಲ್ಲಿ ಬಂದುದನ್ನು ಓದಿ, ಆಕೆಯೊಡನೆ ಬಾಳುತ್ತಿದ್ದ ಕೂಲಿಗಾರನು ಠಾಣೆಗೆ ಬಂದು ಗುರುತು ಹೇಳಿದನು. ಹೀಗೆ ಆ ಪಟ್ಟಿ ಒಂದು ಶವಕ್ಕೆ ಹೆಸರನ್ನು ಹಿಂದಕ್ಕೆ ಕೊಟ್ಟಿತು.

ಪಟ್ಟಿಯ ಉಪಯೋಗ ಅಲ್ಲಿಗೇ ಮುಗಿಯಲಿಲ್ಲ. ೨೦೧೪ರಲ್ಲಿ ಒಂದು ಶಾಲನ್ನು ಮುಂದಿಟ್ಟು, ಇದು ಎಡ್ಡೋಸಳ ಶವದ ಬಳಿ ದೊರೆತದ್ದು, ಇದರಲ್ಲಿನ ಡಿ.ಎನ್.ಎ.ಯಿಂದ ಕೊಲೆಗಾರನು ಸಿಕ್ಕಿದನು ಎಂದು ದೊಡ್ಡ ಪ್ರಚಾರವಾಯಿತು. ಒಬ್ಬ ಬಡ ಯೆಹೂದ್ಯ ರೋಗಿಯ ಹೆಸರು ಮತ್ತೆ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂದಿತು. ಆದರೆ ೧೮೮೮ರ ಪಟ್ಟಿಯಲ್ಲಿ ಶಾಲು ಇಲ್ಲ. ಸಾಬೂನಿನ ಚೂರುಗಳನ್ನು ಎಣಿಸಿದವನು ಶಾಲನ್ನು ಕಾಣದೆ ಬಿಟ್ಟನೆಂದು ನಂಬುವುದು ಕಷ್ಟ. ತಜ್ಞರು ಪ್ರಯೋಗಶಾಲೆಯ ಲೆಕ್ಕದಲ್ಲಿಯೂ ತಪ್ಪುಗಳನ್ನು ತೋರಿಸಿದರು.

ಖಾಲಿ ಕುರ್ಚಿಯನ್ನು ಕಂಡರೆ ಯಾರನ್ನಾದರೂ ಹಿಡಿದು ಕೂರಿಸಬೇಕೆಂಬ ಆತುರ ಸಾಮಾನ್ಯರಿಗೆ ಮಾತ್ರವಲ್ಲ, ಅಧಿಕಾರಿಗಳಿಗೂ ಉಂಟು. ೧೮೯೪ರ ಫೆಬ್ರವರಿಯಲ್ಲಿ ಸ್ಕಾಟ್‌ಲೆಂಡ್ ಯಾರ್ಡಿನ ಹಿರಿಯ ಅಧಿಕಾರಿ ಮೆಲ್ವಿಲ್ ಮ್ಯಾಕ್‌ನಾಟನ್ ಒಂದು ಟಿಪ್ಪಣಿ ಬರೆದರು. ಪತ್ರಿಕೆಯೊಂದು ಬೇರೊಬ್ಬನನ್ನು ಕೊಲೆಗಾರನೆಂದಿತ್ತು; ಅದನ್ನು ಅಲ್ಲಗಳೆಯುವುದು ಅವರ ಉದ್ದೇಶ. ಅಲ್ಲಗಳೆಯುತ್ತ, ಅವನಿಗಿಂತ ಹೆಚ್ಚು ಸಂಶಯಾಸ್ಪದರೆಂದು ಮೂವರ ಹೆಸರು ಕೊಟ್ಟರು. ಮೊದಲನೆಯವನು ಸುಮಾರು ೪೧ ವಯಸ್ಸಿನ ವೈದ್ಯನೆಂದಿದ್ದಾರೆ. ವಾಸ್ತವದಲ್ಲಿ ಆ ಮನುಷ್ಯ ೩೧ ವಯಸ್ಸಿನ ಬ್ಯಾರಿಸ್ಟರ್, ಶಾಲೆಯೊಂದರ ಉಪಾಧ್ಯಾಯ ಕೂಡ. ಮೂರನೆಯವನು ಆ ಕಾಲದಲ್ಲಿ ಫ್ರಾನ್ಸಿನ ಸೆರೆಮನೆಯಲ್ಲಿದ್ದನೆಂದು ಬಹು ವರ್ಷಗಳ ಮೇಲೆ ಗೊತ್ತಾಯಿತು. ಮ್ಯಾಕ್‌ನಾಟನ್ನರು ಇಲಾಖೆಗೆ ಸೇರಿದ್ದೇ ೧೮೮೯ರಲ್ಲಿ, ಆ ಐದು ಕೊಲೆಗಳು ಮುಗಿದ ಮೇಲೆ. ಕೇಳಿದ್ದನ್ನು ಕಂಡಂತೆ ಬರೆದರು. ಸರ್ಕಾರಿ ಕಾಗದವೆಂಬ ಗೌರವ ಅದಕ್ಕಿದ್ದುದರಿಂದ ಎಷ್ಟೋ ಪುಸ್ತಕಗಳು ಈ ಟಿಪ್ಪಣಿಯ ಮೇಲೆಯೇ ಎದ್ದು ನಿಂತವು.

ಹಾಗಾದರೆ ನೂರಮೂವತ್ತು ವರ್ಷಗಳ ಮೇಲೂ ಹೊಸದಾಗಿ ಬರೆಯತಕ್ಕದ್ದು ಏನಾದರೂ ಉಂಟೆ? ಉಂಟೆಂದು ಹ್ಯಾಲಿ ರೂಬೆನ್‌ಹೋಲ್ಡ್ ಎಂಬ ಚರಿತ್ರಕಾರ್ತಿ ತೋರಿಸಿಕೊಟ್ಟರು. ೨೦೧೯ರಲ್ಲಿ ಪ್ರಕಟವಾದ ಅವರ 'ದಿ ಫೈವ್' ಕೊಲೆಗಾರನನ್ನು ಹುಡುಕುವ ಗೋಜಿಗೇ ಹೋಗುವುದಿಲ್ಲ. ಆ ಐವರು ಹುಟ್ಟಿದ್ದೆಲ್ಲಿ, ಬಾಳಿದ್ದು ಹೇಗೆ, ಬೀದಿಗೆ ಬಿದ್ದದ್ದು ಏಕೆ ಎಂಬುದನ್ನು ಹಳೆಯ ದಾಖಲೆಗಳಿಂದ ಹೆಕ್ಕಿ ಹೇಳುತ್ತದೆ. ನಿಕಲ್ಸ್ ಮುದ್ರಣಾಲಯದ ಕೆಲಸಗಾರನೊಬ್ಬನ ಹೆಂಡತಿಯಾಗಿ ಸಂಸಾರ ಮಾಡಿದವಳು. ಚಾಪ್‌ಮನ್ನಳ ಗಂಡ ಶ್ರೀಮಂತರ ಮನೆಯ ಸಾರೋಟು ಹೊಡೆಯುವವನು. ಸ್ಟ್ರೈಡ್ ಸ್ವೀಡನ್ನಿನ ರೈತರ ಮಗಳು. ಐವರೂ ವೇಶ್ಯೆಯರೆಂಬ ಹಳೆಯ ಮಾತಿಗೆ ಎಲ್ಲರ ವಿಷಯದಲ್ಲಿಯೂ ಆಧಾರವಿಲ್ಲವೆಂದು ಲೇಖಕಿ ವಾದಿಸುತ್ತಾರೆ. ಇದನ್ನು ಒಪ್ಪದವರೂ ಇದ್ದಾರೆ. ವಾದವೇನೇ ಇರಲಿ, ಇದು ಸತ್ತವರ ವಿಷಯವಾದ ವಾದವಾಯಿತಲ್ಲ, ಅದೇ ದೊಡ್ಡದು. ೨೦೧೫ರಲ್ಲಿ ಲಂಡನ್ನಿನ ಅದೇ ಭಾಗದಲ್ಲಿ, ಮಹಿಳೆಯರ ಇತಿಹಾಸದ ಸಂಗ್ರಹಾಲಯವೆಂದು ಅನುಮತಿ ಪಡೆದ ಕಟ್ಟಡವೊಂದು ತೆರೆದಾಗ ರಿಪ್ಪರನ ಸಂಗ್ರಹಾಲಯವಾಗಿತ್ತು! ಹೆಂಗಸರು ಅದರ ಮುಂದೆ ನಿಂತು ಪ್ರತಿಭಟಿಸಿದರು.

ಇಷ್ಟು ಹಳೆಯ ಕೊಲೆಗಾರನನ್ನು ಇನ್ನು ಯಾರೂ ಹಿಡಿಯಲಾರರು. ಆದರೆ ನಿನ್ನೆ ಮೊನ್ನೆಯ ಪ್ರಕರಣಗಳ ಮಾತು ಹಾಗಲ್ಲ. ಅಮೆರಿಕೆಯ ಕ್ಯಾಲಿಫೋರ್ನಿಯಾದಲ್ಲಿ ೧೯೭೦ರ ದಶಕದಿಂದ ೧೯೮೬ರವರೆಗೆ ಹಲವಾರು ಕೊಲೆ, ಅತ್ಯಾಚಾರಗಳನ್ನು ಮಾಡಿ ಮರೆಯಾಗಿದ್ದವನೊಬ್ಬನು ೨೦೧೮ರಲ್ಲಿ ಸಿಕ್ಕಿದನು. ಆತ ಒಂದು ಕಾಲಕ್ಕೆ ಪೋಲೀಸಿನವನಾಗಿದ್ದನೆಂಬುದು ಇನ್ನೊಂದು ವಿಪರ್ಯಾಸ. ಹಿಡಿದುಕೊಟ್ಟದ್ದು ದಶಕಗಳ ಕಾಲ ಜೋಪಾನವಾಗಿಟ್ಟಿದ್ದ ಜೈವಿಕ ಸಾಕ್ಷ್ಯ, ಅದರ ಮೂಲಕ ಕಂಡ ದೂರದ ಬಂಧುಗಳ ವಂಶವೃಕ್ಷ. ಮಿಷೆಲ್ ಮ್ಯಾಕ್‌ನಮಾರಾ ಎಂಬ ಲೇಖಕಿ ವರ್ಷಗಟ್ಟಲೆ ಆ ಪ್ರಕರಣವನ್ನು ಬೆನ್ನುಹತ್ತಿ ಬರೆಯುತ್ತಿದ್ದರು. ೨೦೧೬ರಲ್ಲಿ ತೀರಿಕೊಂಡರು, ಬಂಧನವನ್ನು ಕಾಣಲಿಲ್ಲ. ಅವರ ಪುಸ್ತಕದಿಂದ ನೇರವಾದ ಸುಳಿವು ದೊರೆಯಲಿಲ್ಲವೆಂದೂ, ಜನರ ಆಸಕ್ತಿಯನ್ನು ಅದು ಕಾಪಾಡಿತೆಂದೂ ಪೋಲೀಸರು ಹೇಳಿದರು. ಬರೆಯುವವನು ತನ್ನ ಕೆಲಸಕ್ಕೆ ಇದಕ್ಕಿಂತ ಹೆಚ್ಚಿನ ಫಲವನ್ನು ಬಯಸಬೇಕಾಗಿಲ್ಲವೆಂದು ನನ್ನ ಎಣಿಕೆ.

ನಮ್ಮ ದೇಶದ ಕಾನೂನಿನಲ್ಲಿ ಕೊಲೆಯ ಆರೋಪಕ್ಕೆ ಕಾಲಮಿತಿಯಿಲ್ಲ. ಎಷ್ಟು ವರ್ಷಗಳ ಮೇಲೆ ಪುರಾವೆ ಸಿಕ್ಕರೂ ತನಿಖೆಯನ್ನು ಮುಂದುವರಿಸಬಹುದು. ಆದ್ದರಿಂದ ಜನರ ನೆನಪು ಕೇವಲ ಭಾವನೆಯ ವಿಷಯವಲ್ಲ. ಅದಕ್ಕೆ ಕಾನೂನಿನ ಬೆಲೆಯೂ ಇದೆ. ಕರ್ನಾಟಕದಲ್ಲಿ ಪೋಲೀಸರು ನ್ಯಾಯಾಲಯಕ್ಕೆ ಸಲ್ಲಿಸುವ 'ಸಿ' ವರದಿಗೆ ಅಪರಾಧಿ ಪತ್ತೆಯಾಗಲಿಲ್ಲವೆಂದು ಅರ್ಥ. 'ಬಿ' ವರದಿಯಾದರೋ ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯದೆಂದು. ಈ ಎರಡನ್ನೂ ಸೇರಿಸಿ 'ಪ್ರಕರಣ ಮುಕ್ತಾಯ' ಎಂದು ಶೀರ್ಷಿಕೆ ಕೊಟ್ಟುಬಿಟ್ಟರೆ, ಮಗನನ್ನು ಕಳೆದುಕೊಂಡ ತಾಯಿ ಸುಳ್ಳುಗಾತಿಯಾಗುತ್ತಾಳೆ. ಒಂದು ಅಕ್ಷರದ ಅಂತರ!

ನಮ್ಮಲ್ಲಿ ಯಾರಾದರೂ ತಮ್ಮ ತಾಲ್ಲೂಕಿನ ಇಂಥ ಪ್ರಕರಣವೊಂದನ್ನು ಬರೆಯಹೊರಟರೆ ಮೊದಲು ಪ್ರಥಮ ವರ್ತಮಾನ ವರದಿಯಿಂದ ತೊಡಗುವುದು ಒಳ್ಳೆಯದು. ಸೂಕ್ಷ್ಮವಾದವುಗಳನ್ನು ಬಿಟ್ಟು ಉಳಿದ ಇಂಥ ವರದಿಗಳನ್ನು ಪೋಲೀಸರು ಸಾರ್ವಜನಿಕರಿಗೆ ದೊರೆಯುವಂತೆ ಪ್ರಕಟಿಸಬೇಕೆಂದು ಸುಪ್ರೀಂ ಕೋರ್ಟು ೨೦೧೬ರಲ್ಲಿ ಆಜ್ಞೆ ಮಾಡಿದೆ. ಹಳೆಯ ಕಾಲದ್ದಾದರೆ ಗ್ರಂಥಾಲಯದಲ್ಲಿ ಕಟ್ಟು ಹಾಕಿಟ್ಟ ವರ್ತಮಾನ ಪತ್ರಿಕೆಗಳಿವೆ, ಧೂಳಿಗೆ ಅಂಜಬಾರದು. ಮಹಜರಿನಲ್ಲಿ ಇದ್ದದ್ದು ಯಾವುದು, ಸಾಕ್ಷಿ ಹೇಳಿದ್ದು ಯಾವುದು, ಊರವರು ಆಡಿಕೊಂಡದ್ದು ಯಾವುದು ಎಂಬುದು ಓದುವವನಿಗೆ ಪ್ರತಿ ವಾಕ್ಯದಲ್ಲಿಯೂ ತಿಳಿಯುವಂತಿರಬೇಕು. ಅತ್ಯಾಚಾರಕ್ಕೆ ಗುರಿಯಾದವಳ ಗುರುತನ್ನು ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ ೭೨ನೆಯ ಕಲಮಿನಂತೆ ಅಪರಾಧ. ವಿಚಾರಿಸಿ ಬಿಟ್ಟುಕಳುಹಿಸಿದವರ ಹೆಸರನ್ನು ಕಾನೂನು ತಡೆಯದಿದ್ದರೂ ಬಿಡುವುದೇ ಲೇಸು. ಬರೆಯಲೇಬೇಕಾದರೆ ಬಿಡುಗಡೆಯ ಸಂಗತಿ ಅದೇ ವಾಕ್ಯದಲ್ಲಿರಲಿ, ಮುಂದಿನ ಪುಟದಲ್ಲಲ್ಲ. ಮನೆಯವರನ್ನು ಅಚ್ಚಿಗೆ ಮುಂಚೆ ಕಂಡು ಬರುವುದು ಮರ್ಯಾದೆ. ಅವರು ಬೇಡವೆಂದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ಅಧ್ಯಾಪಕರಲ್ಲಿ ಕೇಳಿದಾಗ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಕೊಲೆ ಸಮಾಜದ ಮೇಲಣ ಅಪರಾಧ, ಆದ್ದರಿಂದ ಬರೆಯಬಹುದು ಎಂದವರು ಇಬ್ಬರು. ಒಂದು ವರ್ಷ ಕಾದು ಮತ್ತೆ ಹೋಗಿ ಕೇಳು ಎಂದವರು ಒಬ್ಬರು. ನನಗೆ ಮೂರನೆಯವರ ಮಾತೇ ಹಿಡಿಸಿತು.

ಲೇಖನದ ಕೊನೆಯ ಸಾಲಿನಲ್ಲಿ, ಸುಳಿವು ಬಲ್ಲವರು ಯಾವ ಠಾಣೆಗೆ ಹೋಗಿ ಹೇಳಬೇಕು, ಮೊಕದ್ದಮೆಯ ಸಂಖ್ಯೆ ಎಷ್ಟು, ಯಾವ ವರ್ಷದ್ದು ಎಂಬುದನ್ನು ಅಚ್ಚುಮಾಡಲು ಸಂಪಾದಕರು ಸ್ಥಳ ಬಿಡಬೇಕು.