ಬಾಗಿದ ಬೆನ್ನಿಗೆ ಅಭ್ಯಂಗ

ತಲೆಯ ತೂಕ ಸುಮಾರು 5 ಕಿಲೋ. ಮೊಬೈಲ್ ನೋಡುತ್ತ ಕತ್ತು ಬಗ್ಗಿಸಿದಷ್ಟೂ ಹಿಂಗತ್ತಿನ ಸ್ನಾಯುಗಳ ಹೊರೆ ಹೆಚ್ಚುತ್ತದೆ. ಅವು ಬಿಗಿದು, ಭುಜಗಳು ಮುಂದಕ್ಕೆ ಬಾಗುತ್ತವೆ.

ಇಂಥವರಿಗೆ ನಾವು ಮೊದಲು ಸೂಚಿಸುವುದು ಅಭ್ಯಂಗವನ್ನು. ಅಷ್ಟಾಂಗಹೃದಯವು ಇದನ್ನು ನಿತ್ಯವೂ ಆಚರಿಸಬೇಕೆಂದು ವಿಧಿಸಿದೆ. ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಕತ್ತಿನಿಂದ ಭುಜದತ್ತ, ಬಳಿಕ ಬೆನ್ನೆಲುಬಿನ ಇಕ್ಕೆಲಗಳಲ್ಲಿ ಅಂಗೈಯಿಂದ ಹದವಾಗಿ ತಿಕ್ಕಬೇಕು. ಮೂಳೆಯ ಮೇಲೆ ಒತ್ತಬಾರದು. ಅರ್ಧ ಗಂಟೆಯ ತರುವಾಯ ಬಿಸಿನೀರಿನ ಸ್ನಾನ. ಜ್ವರ, ಅಜೀರ್ಣಗಳಿದ್ದಾಗ ಅಭ್ಯಂಗ ಸಲ್ಲದು. ನೆಟ್ಟಗೆ ಕೂರುವ ಅಭ್ಯಾಸ ಜೊತೆಗೂಡದಿದ್ದರೆ ಬಿಗಿತ ಮರಳುತ್ತದೆ.

ಕ್ಷೌರದಂಗಡಿಯಲ್ಲಿ ಕತ್ತನ್ನು ಥಟ್ಟನೆ ತಿರುಗಿಸಿ ನೆಟಿಗೆ ತೆಗೆಸುವುದನ್ನು ಭಕ್ತರು ಬಿಡಬೇಕು. ಕತ್ತಿನ ಮೂಳೆಗಳ ಮೂಲಕ ಮಿದುಳಿಗೆ ರಕ್ತ ಒಯ್ಯುವ ಧಮನಿಗಳು ಹಾದುಹೋಗುತ್ತವೆ. ಅವು ಹರಿದರೆ ಪಾರ್ಶ್ವವಾಯು ಬರಬಹುದು. ಕೈಕಾಲು ಜೋಮುಗಟ್ಟಿ ಬಲಗುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ತಿಕ್ಕುತ್ತ ಕೂರದೆ ಕೂಡಲೇ ಆಸ್ಪತ್ರೆಗೆ ತೆರಳಿರಿ.