ಚೌಕ ತಿರುಗಿದರೆ ಕ್ರಿಸ್‌ಮಸ್ ಗಿಡ

ಡಿಸೆಂಬರ್ ಬಂತೆಂದರೆ ಸಕಲೇಶಪುರ, ಆಲೂರು ಸೀಮೆಯಲ್ಲಿ ಅರೇಬಿಕಾ ಕೊಯ್ಲಿನ ಗಡಿಬಿಡಿ. ಹಣ್ಣು ಬಿಡಿಸಲು ಆಳು ಹುಡುಕುವುದು, ಪಲ್ಪರ್‌ಗೆ ನೀರು ಹೊಂದಿಸುವುದು, ಮೋಡ ಕವಿದರೆ ಕಣದಲ್ಲಿ ಹರವಿದ ಕಾಫಿಯನ್ನು ಓಡಿಹೋಗಿ ಗುಡ್ಡೆ ಮಾಡುವುದು, ಇವುಗಳ ನಡುವೆಯೇ ಕ್ರಿಸ್‌ಮಸ್ ಬಂದು ನಿಲ್ಲುತ್ತದೆ. ಈ ಸೀಮೆಯ ಬೆಳಗೋಡು ಹೋಬಳಿಯಲ್ಲಿ ಮರಗಳಿಗೇನೂ ಬರವಿಲ್ಲ. ಆದರೆ ಕ್ರಿಸ್‌ಮಸ್ ಗಿಡವೆಂದು ಲೋಕ ಗುರುತಿಸುವ ಫರ್, ಸ್ಪ್ರೂಸ್ ಜಾತಿಯ ಒಂದು ಮರವೂ ಈ ಕಾಡಿನದ್ದಲ್ಲ. ದಕ್ಷಿಣ ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಮರ ಒಂದೇ ಒಂದು, ನಾಗೇಯ ವಾಲಿಚಿಯಾನ. ಅದರ ಎಲೆಯೋ ಸೂಜಿಯಂತಿರದೆ ಅಗಲವಾಗಿದೆ. ಅದನ್ನು ನೋಡಿ ಕ್ರಿಸ್‌ಮಸ್ ನೆನಪಿಸಿಕೊಳ್ಳುವವರು ಯಾರೂ ಇರಲಾರರು. ಹೀಗಾಗಿ ಸಿಲ್ವರ್ ಓಕ್ ಕೊಂಬೆಯನ್ನೋ ಸರ್ವೆ ಮರದ ರೆಂಬೆಯನ್ನೋ ಡಬ್ಬಿಯಲ್ಲಿ ನೆಟ್ಟು ಗಿಡವೆಂದು ಒಪ್ಪಿಕೊಳ್ಳಬೇಕು, ಇಲ್ಲವೇ ಅಂಗಡಿಯ ಪ್ಲಾಸ್ಟಿಕ್ ಗಿಡ ತರಬೇಕು. ಅಂದಮೇಲೆ ಈ ಗುಡ್ಡಗಳಲ್ಲಿ ಕ್ರಿಸ್‌ಮಸ್ ಗಿಡ ಯಾವತ್ತೂ ಬೆಳೆದದ್ದಲ್ಲ, ಮಾಡಿದ್ದು. ಮಾಡಲೇಬೇಕಾದದ್ದನ್ನು ಎಷ್ಟು ಚೆನ್ನಾಗಿ ಮಾಡುತ್ತೇವೆ ಎಂಬುದೊಂದೇ ಉಳಿಯುವ ಪ್ರಶ್ನೆ. ಮಕ್ಕಳ ಆಟದ ಬ್ಲಾಕ್‌ಗಳನ್ನು ಜೋಡಿಸಿ ಅಂಗೈಯಗಲದ ಗಿಡ ಕಟ್ಟುವ ಹವ್ಯಾಸವನ್ನು ಆಟಿಕೆಯ ಲೆಕ್ಕಕ್ಕೆ ಬಿಡದೆ ಕಸುಬಿನ ಲೆಕ್ಕಕ್ಕೆ ತರಬೇಕೆಂದು ನಾನು ವಾದಿಸುವುದು ಇದೇ ಕಾರಣಕ್ಕೆ.

ಕೃತಕ ಗಿಡ ಈ ಕಾಲದ ಸೋಮಾರಿತನದ ಫಲ ಎನ್ನುವವರಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಕ್ರಿಸ್‌ಮಸ್ ಗಿಡದ ತವರಾದ ಜರ್ಮನಿಯಲ್ಲೇ, ಹತ್ತೊಂಬತ್ತನೆಯ ಶತಮಾನದಲ್ಲಿ, ಹಬ್ಬಕ್ಕೆಂದು ಎಳೆಯ ಮರಗಳನ್ನು ಕಡಿಯುವುದು ಹೆಚ್ಚಾದಾಗ ಹೆಬ್ಬಾತಿನ ಗರಿಗೆ ಹಸಿರು ಬಣ್ಣ ಹಾಕಿ, ತಂತಿಗೆ ಸುತ್ತಿ ಗಿಡ ಮಾಡತೊಡಗಿದರು. ಫರ್ ಮರ ಬೇಕಾದಷ್ಟಿದ್ದ ನಾಡೇ ಗರಿಯ ಗಿಡವನ್ನು ಗಿಡವೆಂದು ಒಪ್ಪಿತು. ಕಣ್ಣು ಗುರುತಿಸುವುದು ಮರದ ಜಾತಿಯನ್ನಲ್ಲ, ಕೆಳಗೆ ಅಗಲವಾಗಿ ಅಂತಸ್ತು ಅಂತಸ್ತಾಗಿ ಮೇಲೇರಿ ಮೊನೆಯಾಗುವ ಆ ಆಕಾರವನ್ನು. ಆಕಾರವೇ ಮುಖ್ಯವಾದಲ್ಲಿ ಅದನ್ನು ಯಾವ ವಸ್ತುವಿನಲ್ಲಿ ಕಟ್ಟಿದರೂ ಸಲ್ಲುತ್ತದೆ.

ಬ್ಲಾಕ್ ಎಂಬ ವಸ್ತುವಾದರೋ ಈ ಆಕಾರಕ್ಕೆ ಸುಲಭವಾಗಿ ಒಗ್ಗುವಂಥದ್ದಲ್ಲ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಪುಟ್ಟ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್‌ಸೆನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆಗಳಿಂದ ಶುರುಮಾಡಿದ ಕಂಪನಿ ಲೆಗೊ. ಅದು ಮಾಡುವ ಇಂದಿನ ಬ್ಲಾಕಿನ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು 1958ರ ಜನವರಿ 28ರಂದು. ಮೇಲೆ ಗುಬುಟು, ಒಳಗೆ ಕೊಳವೆ. ಗುಬುಟು ಕೊಳವೆಯ ಪಕ್ಕದಲ್ಲಿ ಬಿಗಿಯಾಗಿ ಕೂರುತ್ತದೆ, ಅಂಟಿನ ಹಂಗಿಲ್ಲ. ಗುಬುಟಿನಿಂದ ಗುಬುಟಿಗೆ 8 ಮಿಲಿಮೀಟರ್, ಬ್ಲಾಕಿನ ಎತ್ತರ 9.6, ತೆಳುವಾದ ಪ್ಲೇಟಿನ ಎತ್ತರ 3.2. ಮೂರು ಪ್ಲೇಟು ಸೇರಿದರೆ ಒಂದು ಬ್ಲಾಕು. ಕಟ್ಟುವವನ ಕೈಯಲ್ಲಿರುವ ಅಳತೆಗಳು ಬಹುಮಟ್ಟಿಗೆ ಇಷ್ಟೇ. ಪ್ರತಿ ಅಂತಸ್ತಿಗೆ ಒಂದು ಬ್ಲಾಕ್ ಏರಿಸಿ ಸುತ್ತಲೂ ಒಂದು ಗುಬುಟು ಒಳಸರಿಸುತ್ತ ಹೋದರೆ 8 ಮಿಲಿಮೀಟರ್ ಒಳಕ್ಕೆ 9.6 ಮೇಲಕ್ಕೆ, ಅಂದರೆ ಸುಮಾರು 50 ಡಿಗ್ರಿ ಇಳಿಜಾರು. ಅದು ಗಿಡವಾಗುವುದಿಲ್ಲ, ಕಣದಲ್ಲಿ ಸುರಿದ ಗುಡ್ಡೆಯಾಗುತ್ತದೆ. ಅದೇ ಒಂದು ಪ್ಲೇಟು, ಅದರ ಮೇಲೊಂದು ದುಂಡನೆಯ ಬ್ಲಾಕು, ಅದರ ಮೇಲೆ ಮತ್ತೊಂದು ಸಣ್ಣ ಪ್ಲೇಟು ಎಂದು ಅಂತಸ್ತಿಗೆ 16 ಮಿಲಿಮೀಟರ್ ಏರಿಸಿ 8 ಒಳಸರಿಸಿದರೆ ಇಳಿಜಾರು 63 ಡಿಗ್ರಿ ದಾಟಿ ಗಿಡದ ನೀಳ ಮೈಕಟ್ಟು ಬರುತ್ತದೆ. ಎಂಟು, ಆರು, ನಾಲ್ಕು, ಎರಡು ಗುಬುಟಿನ ಚೌಕ ಪ್ಲೇಟುಗಳು, ನಡುವೆ ತುಂಬುವ ತುಣುಕುಗಳು, ಕೆಳಗೆ ಕಂದು ಬಣ್ಣದ ಕಾಂಡ. ಹದಿನೈದರೊಳಗಿನ ತುಣುಕುಗಳಲ್ಲಿ ಬೆರಳುದ್ದದ ಗಿಡವೊಂದು ನಿಂತುಬಿಡುತ್ತದೆ.

ನಿಂತದ್ದು ಇನ್ನೂ ಚೌಕದ ಗೋಪುರವೇ. ಗಿಡಕ್ಕೆ ಮೂಲೆಗಳಿಲ್ಲ, ಬ್ಲಾಕಿಗೆ ಮೂಲೆ ಬಿಟ್ಟು ಬೇರೇನಿಲ್ಲ. ಇಲ್ಲಿಂದ ಮುಂದಿನದೇ ಈ ಕೆಲಸದ ಸ್ವಾರಸ್ಯ. ಒಂದು ಅಂತಸ್ತು ನೇರವಾಗಿರಲಿ, ಅದರ ಮೇಲಿನದನ್ನು 45 ಡಿಗ್ರಿ ತಿರುಗಿಸಬೇಕು. ಎಂಟು ಗುಬುಟಿನ ಚೌಕದ ಅಂಚು ಕೇಂದ್ರದಿಂದ 32 ಮಿಲಿಮೀಟರ್ ದೂರವಿದ್ದರೆ ಅದರ ಮೂಲೆ ಸುಮಾರು 45 ಮಿಲಿಮೀಟರ್ ದೂರದಲ್ಲಿದೆ. ತಿರುಗಿಸಿದಾಗ ಆ 13 ಮಿಲಿಮೀಟರಿನ ವ್ಯತ್ಯಾಸವೇ ಕೊಂಬೆಯಾಗಿ ಚಾಚುತ್ತದೆ. ಆದರೆ ಸರಿಸಂಖ್ಯೆಯ ಗುಬುಟುಗಳಿರುವ ಚೌಕದ ನಟ್ಟನಡುವೆ ಗುಬುಟೇ ಇರುವುದಿಲ್ಲವಲ್ಲ, ತಿರುಗಿಸುವುದು ಯಾವುದನ್ನು ಹಿಡಿದು? ಎರಡಕ್ಕೆರಡರ ಜಾಗದಲ್ಲಿ ನಡುವೆ ಒಂದೇ ಗುಬುಟಿರುವ ಒಂದು ವಿಶೇಷ ಪ್ಲೇಟಿದೆ. ಅದನ್ನು ಕೇಂದ್ರದಲ್ಲಿ ಕೂರಿಸಿದರೆ ಅದರ ಒಂಟಿ ಗುಬುಟು ಮೇಲಿನ ಪ್ಲೇಟಿನ ನಡುಗೊಳವೆಯ ಒಳಕ್ಕೇ ಹೊಕ್ಕು, ಬೇಕಾದ ಕೋನಕ್ಕೆ ತಿರುಗಲು ಬಿಡುತ್ತದೆ. ಮೇಲಿನಿಂದ ನೋಡಿದರೆ ಚೌಕಗಳು ಮಾಯವಾಗಿ ಎಂಟು ಮೊನೆಯ ನಕ್ಷತ್ರ ಕಾಣುತ್ತದೆ. ಈ ಉಪಾಯವನ್ನು ಡೆನ್ಮಾರ್ಕಿನವರಿಂದ ಕಲಿಯಬೇಕಾದ ಅಗತ್ಯ ಹಾಸನ ಜಿಲ್ಲೆಯವರಿಗಿಲ್ಲ. ಹೊಯ್ಸಳ ಗುಡಿಗಳ ನಕ್ಷತ್ರಾಕಾರದ ತಳವಿನ್ಯಾಸ ಹುಟ್ಟುವುದು ಒಂದೇ ಚೌಕವನ್ನು ಅದರ ಕೇಂದ್ರದ ಸುತ್ತ ಹಂತಹಂತವಾಗಿ ತಿರುಗಿಸುವುದರಿಂದಲೇ. ಹದಿಮೂರನೆಯ ಶತಮಾನದ ಸೋಮನಾಥಪುರದ ಕೇಶವ ದೇವಾಲಯದಲ್ಲಿ ನಾಲ್ಕು ಚೌಕಗಳ ಲೆಕ್ಕದಲ್ಲಿ, ಇಪ್ಪತ್ತೆರಡೂವರೆ ಡಿಗ್ರಿಯ ತಿರುವಿನಲ್ಲಿ, ಹದಿನಾರು ಮೊನೆಗಳು ಮೂಡಿವೆ. ಬೇಲೂರಿನ ಗರ್ಭಗುಡಿಯ ಹೊರಗೋಡೆ ಒಳಗೆ ಹೊರಗೆ ಮಡಚಿಕೊಳ್ಳುವುದೂ ಈ ಬಗೆಯ ಲೆಕ್ಕದಲ್ಲೇ. ಸಕಲೇಶಪುರದ ಪಕ್ಕದಲ್ಲಿ, 1792ರಲ್ಲಿ ಟಿಪ್ಪು ಸುಲ್ತಾನ್ ಮುಗಿಸಿದ ಮಂಜರಾಬಾದ್ ಕೋಟೆ ಎಂಟು ಮೊನೆಯ ನಕ್ಷತ್ರವಾಗಿರುವುದು ಫಿರಂಗಿ ಯುದ್ಧದ ಬೇರೆಯೇ ತರ್ಕದಿಂದ, ಅದನ್ನು ಇಲ್ಲಿಗೆ ಎಳೆದು ತರುವುದು ಅತಿಯಾದೀತು. ಆದರೂ ಗುಡ್ಡದ ಮೇಲಿನ ಆ ಕೋಟೆಯನ್ನು ಆಕಾಶದಿಂದ ತೆಗೆದ ಚಿತ್ರ ನೋಡಿದ ಬೆಳಗೋಡಿನ ಹುಡುಗ ಹುಡುಗಿಯರಿಗೆ ಈ ಗಿಡದ ತಳನಕ್ಷೆ ಅಪರಿಚಿತವೆನಿಸದು.

ತುಣುಕುಗಳನ್ನು ಯಂತ್ರ ಎರಕ ಹೊಯ್ದಿರುವಾಗ ಇದು ಕಸುಬು ಹೇಗಾಗುತ್ತದೆ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಚನ್ನಪಟ್ಟಣವನ್ನು ಎದುರಿಗಿಟ್ಟು ಕೇಳುವವರೂ ಇದ್ದಾರೆ: ಆಲೆ ಮರವನ್ನು ಚರಕಿಗೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಮೈ ಮಿರುಗಿಸುವ ಕೈಯೂ ಪ್ಲಾಸ್ಟಿಕ್ ತುಣುಕು ಅದುಮುವ ಕೈಯೂ ಸಮವೇ? ಸಮವಲ್ಲ, ಒಪ್ಪುತ್ತೇನೆ. ಚರಕಿಯಲ್ಲಿ ಶಂಕುವಿನಾಕಾರ ತೆಗೆಯುವವನ ಜಾಣ್ಮೆ ಮಣಿಕಟ್ಟಿನಲ್ಲಿದೆ, ವರ್ಷಗಟ್ಟಲೆ ಅಭ್ಯಾಸದಿಂದ ಬಂದದ್ದು. ಬ್ಲಾಕಿನಲ್ಲಿ ಕೈಗೆ ಅಂಥ ಪರೀಕ್ಷೆಯೇ ಇಲ್ಲ. ಅಚ್ಚಿನ ನಿಖರತೆ ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ಸೂಕ್ಷ್ಮ, 1958ರ ಬ್ಲಾಕು ಇವತ್ತಿನದಕ್ಕೆ ಕೂರುತ್ತದೆ. ಪರೀಕ್ಷೆ ಇರುವುದು ಜೋಡಣೆಯಲ್ಲಿ. ನೇಕಾರ ನೂಲನ್ನು ತಾನೇ ತೆಗೆಯಲಿಲ್ಲವೆಂದು ಇಳಕಲ್ ಸೀರೆಯನ್ನು ಯಾರೂ ತಳ್ಳಿಹಾಕುವುದಿಲ್ಲ. ಇನ್ನು, ಪೆಟ್ಟಿಗೆಯ ಜೊತೆ ಬರುವ ಪುಸ್ತಿಕೆ ನೋಡಿ ಜೋಡಿಸುವುದರಲ್ಲಿ ಏನು ಸೃಷ್ಟಿ ಎಂಬ ಮಾತಿಗೆ ಹೆಚ್ಚು ಬಲವಿದೆ. ಪುಸ್ತಿಕೆಯ ಗಿಡ ಪುಸ್ತಿಕೆಯವರದೇ. ಆದರೆ ಅಲ್ಲಿಗೆ ನಿಲ್ಲುವ ಬಂಧನವನ್ನು ಬ್ಲಾಕು ಹಾಕಿಲ್ಲ. ಎರಡಕ್ಕೆ ನಾಲ್ಕು ಗುಬುಟಿನ ಒಂದೇ ಬಣ್ಣದ ಆರು ಬ್ಲಾಕುಗಳನ್ನು 10,29,81,500 ಬಗೆಯಲ್ಲಿ ಜೋಡಿಸಬಹುದೆಂದು ಕಂಪನಿ ಬಹಳ ಕಾಲ ಹೇಳಿಕೊಂಡು ಬಂತು. ಡೆನ್ಮಾರ್ಕಿನ ಗಣಿತಜ್ಞ ಸೋರೆನ್ ಐಲರ್ಸ್ ಲೆಕ್ಕ ತೆಗೆದು, ಅದು ಒಂದರ ಮೇಲೊಂದು ನಿಂತ ಆರಂತಸ್ತಿನ ಕಂಬಗಳ ಎಣಿಕೆ ಮಾತ್ರ, ನಿಜವಾದ ಸಂಖ್ಯೆ 91,51,03,765 ಎಂದು ತೋರಿಸಿದರು. ಮಾಡಿದ ಕಂಪನಿಗೇ ತನ್ನ ಆರು ಬ್ಲಾಕುಗಳ ಲೆಕ್ಕ ತಪ್ಪಿತ್ತು ಎಂದ ಮೇಲೆ ಪುಸ್ತಿಕೆಗೆ ಅಷ್ಟು ಹೆದರಬೇಕಿಲ್ಲ.

ಚಿಕ್ಕದಾಗಿ ಯಾಕೆ ಕಟ್ಟಬೇಕು ಎಂಬುದಕ್ಕೂ ಇಲ್ಲಿನದೇ ಉತ್ತರವಿದೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆಯಷ್ಟೇ ಮುಖ್ಯ ಯೇಸುಜನನದ ಗೋದಲಿ. ಗಿಡ ಅದರ ಜೊತೆಗೆ ಬಂದದ್ದು. 1223ರಲ್ಲಿ ಇಟಲಿಯ ಗ್ರೆಚ್ಚೊದಲ್ಲಿ ಸಂತ ಫ್ರಾನ್ಸಿಸ್ ಜೀವಂತ ಪ್ರಾಣಿಗಳನ್ನಿಟ್ಟು ಮಾಡಿದ ಗೋದಲಿ ಇಂದು ಮನೆಮನೆಗಳಲ್ಲಿ ಗೇಣುದ್ದದ ಬೊಂಬೆಗಳ ಗೋದಲಿಯಾಗಿದೆ. ಅದರ ಪಕ್ಕದಲ್ಲಿ ಐದಡಿ ಗಿಡ ನಿಲ್ಲಿಸಿದರೆ ಕುರುಬರೂ ಹಸುವೂ ಒಂಟೆಯೂ ಅದರ ಬುಡದ ಇರುವೆಗಳಂತಾಗುತ್ತಾರೆ. ಅಂಗೈಯೆತ್ತರದ ಬ್ಲಾಕಿನ ಗಿಡ ಗೋದಲಿಯ ಒಳಕ್ಕೇ ಹೋಗಿ ನಿಲ್ಲಬಲ್ಲದು. ಗೋದಲಿಯಲ್ಲಿ ರಾಗಿ ಚೆಲ್ಲಿ ಎಬ್ಬಿಸಿದ ಜೀವಂತ ಹಸಿರಿನ ನಡುವೆ ಅದು ಸತ್ತಂತೆ ಕಾಣುವುದಿಲ್ಲವೇ ಎಂದರೆ, ಬೊಂಬೆಗಳೂ ಪ್ಲಾಸ್ಟರಿನವೇ ತಾನೆ.

ಪ್ಲಾಸ್ಟಿಕ್ ಎಂಬ ಆಕ್ಷೇಪವನ್ನು ಮಾತ್ರ ಹಾಗೆ ಹಗುರವಾಗಿ ತಳ್ಳಲಾಗದು. ಸಾಮಾನ್ಯ ಬ್ಲಾಕು ಎಬಿಎಸ್ ಎಂಬ, ಪೆಟ್ರೋಲಿಯಂ ಮೂಲದ ಪ್ಲಾಸ್ಟಿಕ್ಕು. ಲೆಗೊ 2018ರಲ್ಲಿ ತನ್ನ ಎಲೆ, ಪೊದೆ, ಮರದ ತುಣುಕುಗಳನ್ನು ಬ್ರೆಜಿಲಿನ ಕಬ್ಬಿನಿಂದ ತೆಗೆದ ಎಥನಾಲಿನ ಪಾಲಿಥೀನಿನಲ್ಲಿ ಮಾಡತೊಡಗಿತು. ಕಬ್ಬಿನ ಗಿಡವೆಂದರೆ ಮಂಡ್ಯದವರಿಗೆ ಹಿತವಾಗಿ ಕೇಳಬಹುದು, ಆದರೆ ಮಣ್ಣಿಗೆ ಬಿದ್ದರೆ ಅದೂ ಉಳಿದ ಪಾಲಿಥೀನಿನಂತೆಯೇ ಕೊಳೆಯದೆ ಕೂರುತ್ತದೆ. ಬಳಸಿದ ನೀರಿನ ಬಾಟಲಿಗಳಿಂದ ಬ್ಲಾಕು ಮಾಡುವ ಪ್ರಯತ್ನವನ್ನು, ಇಂಗಾಲದ ಹೊರಸೂಸುವಿಕೆ ತಗ್ಗದೆಂದು 2023ರಲ್ಲಿ ಕಂಪನಿಯೇ ಕೈಬಿಟ್ಟಿತು. ಹಾಗಾಗಿ ಇದನ್ನು ಪರಿಸರಸ್ನೇಹಿ ಎಂದು ಹಾಡಿ ಹೊಗಳುವುದು ಸುಳ್ಳಾಗುತ್ತದೆ. ಹೇಳಬಹುದಾದದ್ದು ಇಷ್ಟೇ: ಇದಕ್ಕೆಂದು ಹೊಸ ಪೆಟ್ಟಿಗೆ ಕೊಳ್ಳದೆ ಮನೆಯಲ್ಲಿ ಬಿದ್ದಿರುವ ಬ್ಲಾಕುಗಳಿಂದ ಕಟ್ಟಿದರೆ ಲೆಕ್ಕ ಸರಿಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಬೂಷ್ಟು ಹಿಡಿದು ಹಾಳಾಗುವ ಕಾಗದದ ನಕ್ಷತ್ರಗಳ ಹಾಗೆ ಇವು ಹಾಳಾಗುವುದಿಲ್ಲ, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ಡಬ್ಬಿಗೆ ಹಾಕಿಟ್ಟರಾಯಿತು. ಬೆಲೆಯ ಮಾತಿಗೆ ಬಂದರೆ, ಗುಬುಟಿನ ಮೂಲ ಪೇಟೆಂಟುಗಳ ಅವಧಿ ಮುಗಿದು ದಶಕಗಳಾದವು. ಬ್ಲಾಕಿನ ಆಕಾರವನ್ನೇ ಟ್ರೇಡ್‌ಮಾರ್ಕ್ ಮಾಡಿಕೊಳ್ಳುವ ಲೆಗೊ ಬೇಡಿಕೆಯನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯ 2010ರಲ್ಲಿ ತಿರಸ್ಕರಿಸಿತು. ಅದರ ಅಳತೆಗೆ ಹೊಂದುವ ಬೇರೆ ಕಂಪನಿಗಳ ಅಗ್ಗದ ಬ್ಲಾಕುಗಳು ಪೇಟೆಯಲ್ಲಿವೆ. ಕೊಳ್ಳುವಾಗ ಐಎಸ್‌ಐ ಗುರುತು ನೋಡಿಕೊಳ್ಳಬೇಕು, 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ.

ಹಳೆಯ ಡಬ್ಬಿ ಸುರುವಿದವರಿಗೆ ಎದುರಾಗುವ ನಿಜವಾದ ತೊಡಕು ಬೇರೆ. ಎಲ್ಲ ಬಣ್ಣ ಕಲಸಿದ ಬ್ಲಾಕುಗಳಲ್ಲಿ ಹಸಿರು ಸಾಲುವುದಿಲ್ಲ, ಅದರಲ್ಲೂ ಸಣ್ಣ ಹಸಿರು ಪ್ಲೇಟುಗಳು. ಇದ್ದಷ್ಟನ್ನು ಹೊರಗೆ ಕಾಣುವ ಅಂಚಿಗೆ ಇಟ್ಟುಕೊಂಡು ಒಳಗಿನ ತಿರುಳನ್ನು ಯಾವ ಬಣ್ಣದಲ್ಲಿ ಬೇಕಾದರೂ ತುಂಬಬಹುದು. ಅದಕ್ಕೂ ಸಾಲದಿದ್ದರೆ ಗಿಡ ಬಿಳಿಯದಾಗಲಿ, ಕಾಫಿ ಹಣ್ಣಿನ ಕೆಂಪಿನದಾಗಲಿ. ಜರ್ಮನಿಯ ಗರಿಯ ಗಿಡಗಳಲ್ಲೂ ಬಣ್ಣ ಹಾಕದೆ ಬಿಳಿಯಾಗಿಯೇ ಬಿಟ್ಟವು ಇದ್ದವು.