ಗೆದ್ದ ತಂಡದ ಮೇಲೆ ಕಟ್ಟಿಯೂ ಸೋಲುವುದು ಹೇಗೆ?



ವಿಮಾನ ನಗರದಲ್ಲಿ ಅಮೆರಿಕದ ಗಡಿಯಾರ ನೋಡಿಕೊಂಡು ಕೆಲಸ ಮಾಡುವ ಕನ್ನಡಿಗರು ಕಡಿಮೆಯೇನಲ್ಲ. ಸೆಪ್ಟೆಂಬರ್ ಬಂತೆಂದರೆ ಅವರ ಕಿವಿಗೆ 'ಕಾಲೇಜ್ ಫುಟ್‌ಬಾಲ್' ಎಂಬ ಮಾತು ಬೀಳತೊಡಗುತ್ತದೆ. ಅಲ್ಲಿನ ಪೂರ್ವ ಕರಾವಳಿಯಲ್ಲಿ ಶನಿವಾರ ಮಧ್ಯಾಹ್ನ 12ಕ್ಕೆ ಶುರುವಾಗುವ ಆಟ ಆಗ ನಮಗೆ ರಾತ್ರಿ 9.30ಕ್ಕೆ. ಸೋಮವಾರ ಆ ಕಡೆಯ ಸಹೋದ್ಯೋಗಿ ಫೋನಿನಲ್ಲಿ "ನಮ್ಮ ಕಾಲೇಜು ಗೆದ್ದಿತು, ನನ್ನ ದುಡ್ಡು ಹೋಯಿತು" ಎಂದರೆ ನಿಮಗೆ ಗೊಂದಲ. ಗೆದ್ದ ಮೇಲೆ ದುಡ್ಡು ಹೋಗುವುದು ಹೇಗೆ ಸ್ವಾಮಿ?

ಇದಕ್ಕೆ ಕಾರಣ 'ಪಾಯಿಂಟ್ ಸ್ಪ್ರೆಡ್'. ಹೆದರಬೇಡಿ, ನಿಮಗೆ ಗೊತ್ತಿರುವುದೇ! ಊರಿನಲ್ಲಿ ಅಣ್ಣ-ತಮ್ಮ ಓಟದ ಪಂದ್ಯ ಕಟ್ಟಿದರೆ ತಮ್ಮನನ್ನು ಹತ್ತು ಹೆಜ್ಜೆ ಮುಂದೆ ನಿಲ್ಲಿಸುತ್ತಿದ್ದೆವಲ್ಲ, ಅದೇ ಲೆಕ್ಕ. ಬಲಿಷ್ಠ ತಂಡಕ್ಕೆ 'ಮೈನಸ್ 6.5' ಎಂದು ಬರೆದಿದ್ದರೆ, ಅದರ ಮೇಲೆ ಕಟ್ಟಿದವನಿಗೆ ಗೆಲುವು ಸಾಲದು, 7 ಅಂಕದ ಗೆಲುವು ಬೇಕು. ತಂಡ 3 ಅಂಕದಿಂದ ಗೆದ್ದರೆ ಮೈದಾನದಲ್ಲಿ ಪಟಾಕಿ, ಕಟ್ಟಿದವನ ಜೇಬಿಗೆ ಕತ್ತರಿ. ಆ ಅರ್ಧ ಅಂಕ ಯಾಕೆಂದರೆ, ಸರಿಸಮ ಎಂಬ ಫಲಿತಾಂಶವೇ ಬರಬಾರದು ಎಂದು.

ಈ ಆಟ ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಟಚ್‌ಡೌನ್‌ಗೆ 6, ಅದರ ನಂತರದ ಒದೆತಕ್ಕೆ 1, ಫೀಲ್ಡ್ ಗೋಲ್‌ಗೆ 3 ಅಂಕ. ಹಾಗಾಗಿ ಗೆಲುವಿನ ಅಂತರ 3 ಅಥವಾ 7 ಆಗುವುದು ಹೆಚ್ಚು. ಆ ಸಂಖ್ಯೆಗಳ ಆಸುಪಾಸಿನಲ್ಲಿ ಅರ್ಧ ಅಂಕಕ್ಕೂ ಬೆಲೆ.

ಈ ಅಂತರ ಭವಿಷ್ಯವಾಣಿ ಎಂದುಕೊಳ್ಳಬೇಡಿ. 2007ರ ಅಕ್ಟೋಬರ್‌ನಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ತಂಡ ಸ್ಟ್ಯಾನ್‌ಫರ್ಡ್ ವಿರುದ್ಧ ಸುಮಾರು 40 ಅಂಕಗಳಿಂದ ಗೆಲ್ಲಬೇಕು ಎಂಬುದು ಬಾಜಿ ಮಾರುಕಟ್ಟೆಯ ಲೆಕ್ಕ. ಗೆದ್ದದ್ದು ಸ್ಟ್ಯಾನ್‌ಫರ್ಡ್, 24-23ರಿಂದ! ಸ್ಪ್ರೆಡ್ ಎಂದರೆ ಒಂದು ಬೆಲೆ, ಅಷ್ಟೆ. ಎರಡೂ ಕಡೆಗೆ ಗಿರಾಕಿಗಳು ಸಿಗುವಂತೆ ತೂಗಿ ಇಟ್ಟ ಬೆಲೆ.

ಇದರ ಹತ್ತಿರದ ನೆಂಟ ನಮ್ಮ ಪುಣೆಯಲ್ಲೇ ಇದ್ದಾನೆ. ಕ್ಯಾಂಪ್ ಭಾಗದ ರೇಸ್‌ಕೋರ್ಸ್‌ನಲ್ಲಿ ಮಳೆಗಾಲದ ಕುದುರೆ ಓಟ ನಡೆಯುತ್ತದೆ. ಅಲ್ಲಿನ 'ಹ್ಯಾಂಡಿಕ್ಯಾಪ್' ಓಟದಲ್ಲಿ ಹೆಚ್ಚು ಯೋಗ್ಯತೆಯ ಕುದುರೆಯ ಬೆನ್ನಿಗೆ ಹೆಚ್ಚು ಭಾರ ಹೊರಿಸುತ್ತಾರೆ. ಬೆಂಗಳೂರು, ಮೈಸೂರಿನ ಓಟಗಳಲ್ಲೂ ಇದೇ ಪದ್ಧತಿ. ವ್ಯತ್ಯಾಸ ಇಷ್ಟೇ: ಕುದುರೆ ಭಾರವನ್ನು ನಿಜವಾಗಿ ಹೊರುತ್ತದೆ, ಫುಟ್‌ಬಾಲ್ ತಂಡದ ಭಾರ ಬುಕ್ಕಿಯ ಪುಸ್ತಕದಲ್ಲಿ ಮಾತ್ರ.

ಸರಿ, ಎರಡೂ ಕಡೆ ಸಮ ಆಯಿತಲ್ಲ, ನಾಣ್ಯ ಚಿಮ್ಮಿದ ಹಾಗೆ ಅರ್ಧ ಗೆಲ್ಲಬಹುದಲ್ಲ ಎಂದಿರಾ? ಇಲ್ಲೇ ಇರುವುದು ಗುಟ್ಟು. ಅಲ್ಲಿನ ವಾಡಿಕೆಯ ದರದಲ್ಲಿ 1,000 ಗೆಲ್ಲಲು 1,100 ಕಟ್ಟಬೇಕು. 20 ಸಲ ಕಟ್ಟಿ 10 ಗೆದ್ದಿರಿ, 10 ಸೋತಿರಿ ಎನ್ನೋಣ. ಬಂದದ್ದು 10,000, ಹೋದದ್ದು 11,000. ಅಸಲು ಉಳಿಸಿಕೊಳ್ಳಲೇ 21ರಲ್ಲಿ 11 ಸಲ, ಅಂದರೆ ನೂರಕ್ಕೆ 52.4ರಷ್ಟು ಗೆಲ್ಲಬೇಕು. ಆ 2.4 ಕೇಳಲು ಚಿಕ್ಕದು. ಆದರೆ ತಂಡಗಳ ಬಲಾಬಲ, ಗಾಯಾಳುಗಳು, ಹವಾಮಾನ ಎಲ್ಲವೂ ಆ ಬೆಲೆಯಲ್ಲಿ ಮೊದಲೇ ಸೇರಿರುತ್ತವೆ. ಎಲ್ಲರಿಗೂ ಗೊತ್ತಿರುವುದು ನಿಮಗೂ ಗೊತ್ತಿದ್ದರೆ ಅದಕ್ಕೆ ಲಾಭವಿಲ್ಲ.

ಹಾಗಾದರೆ ಲಾಭ ಯಾರಿಗೆ? ಬುಕ್ಕಿಗೆ, ಮತ್ತು ಬೇರೆಯವರಿಗಿಂತ ಮೊದಲೇ ತಿಳಿದವರಿಗೆ. ನೇರ ಪ್ರಸಾರವೆಂದರೂ ಟಿವಿ ಚಿತ್ರ ನಿಮ್ಮ ಮನೆಗೆ ಕೆಲವು ಸೆಕೆಂಡು ತಡವಾಗಿ ಬರುತ್ತದೆ. 2021ರ ಮಾರ್ಚ್‌ನಲ್ಲಿ ಗಹುಂಜೆ ಕ್ರೀಡಾಂಗಣದಲ್ಲಿ ಭಾರತ-ಇಂಗ್ಲೆಂಡ್ ಏಕದಿನ ಪಂದ್ಯಗಳು ಕೋವಿಡ್ ಕಾರಣ ಪ್ರೇಕ್ಷಕರಿಲ್ಲದೆ ನಡೆದವು. ಆಗ ಹತ್ತಿರದ ಗುಡ್ಡದ ಮೇಲೆ ದುರ್ಬೀನು ಹಿಡಿದು ಕುಳಿತವರೂ ಸೇರಿ 33 ಮಂದಿಯನ್ನು ಪಿಂಪ್ರಿ-ಚಿಂಚವಾಡ ಪೊಲೀಸರು ಹಿಡಿದರು. ಆ ಕೆಲವು ಸೆಕೆಂಡುಗಳೇ ಅವರ ಬಂಡವಾಳ!

ಇನ್ನೂ ಕೆಟ್ಟದ್ದು ಆಟಗಾರನನ್ನೇ ಹಿಡಿಯುವುದು. ಅಂತರದ ಮೇಲೆ ಬಾಜಿ ಇದ್ದಾಗ "ಸೋಲು" ಎಂದು ಹೇಳಬೇಕಿಲ್ಲ, "ಸ್ವಲ್ಪ ಕಡಿಮೆ ಅಂತರದಲ್ಲಿ ಗೆಲ್ಲು" ಎಂದರೆ ಸಾಕು. 1978-79ರಲ್ಲಿ ಬೋಸ್ಟನ್ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡದಲ್ಲಿ ಆದದ್ದು ಇದೇ. ನಮ್ಮಲ್ಲಿ 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟ್ ಮಾಡಿದ ಆರೋಪದ ಮೇಲೆ ಬೆಂಗಳೂರು ಪೊಲೀಸರು ಆಟಗಾರರನ್ನು ಬಂಧಿಸಿದ್ದರು. ಫಿಕ್ಸಿಂಗ್ ಮಾತ್ರಕ್ಕೆ ಅದು 420ನೇ ಕಲಮಿನ ವಂಚನೆ ಆಗದು ಎಂದು ಕರ್ನಾಟಕ ಹೈಕೋರ್ಟ್ 2022ರ ಜನವರಿಯಲ್ಲಿ ಆ ಮೊಕದ್ದಮೆಯನ್ನು ರದ್ದು ಮಾಡಿತು. ಅಂದರೆ, ಅಂಥ ಆಟದ ಮೇಲೆ ಕಟ್ಟಿದವನಿಗೆ ಕಾನೂನಿನ ಆಸರೆಯೂ ತೆಳು.

ಗೆದ್ದ ಹಣ ಕೊಡದಿದ್ದರೆ? 1872ರ ಕರಾರು ಕಾಯ್ದೆಯ 30ನೇ ಕಲಮಿನ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ, ಆ ಹಣಕ್ಕಾಗಿ ದಾವೆ ಹೂಡುವಂತಿಲ್ಲ. ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ವಿಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಅಮೆರಿಕದಲ್ಲಿ 2018ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಲವು ರಾಜ್ಯಗಳು ಬಾಜಿಗೆ ಬಾಗಿಲು ತೆರೆದಿವೆ, ನಿಜ. ಆದರೆ ಸಹೋದ್ಯೋಗಿ ಅಲ್ಲಿ ಕಾನೂನುಬದ್ಧವಾಗಿ ಮಾಡುವುದನ್ನು ನೀವು ಇಲ್ಲಿ ಮೊಬೈಲ್‌ನಲ್ಲಿ ಮಾಡಿದರೆ ಕಥೆಯೇ ಬೇರೆ.

ಆಟ ನೋಡಿ, ಸ್ಪ್ರೆಡ್ ಕೂಡ ಓದಿ. ಯಾರು ಎಷ್ಟು ಬಲಿಷ್ಠರು ಎಂಬುದು ಒಂದೇ ಸಂಖ್ಯೆಯಲ್ಲಿ ತಿಳಿಯುತ್ತದೆ, ಮಜಾ ಇದೆ! ಆದರೆ "ಹೋದದ್ದನ್ನು ಈ ವಾರ ವಾಪಸ್ ತೆಗೆಯುತ್ತೇನೆ" ಎನ್ನುವ ಗೆಳೆಯ ನಿಮ್ಮ ಫ್ಲ್ಯಾಟಿನಲ್ಲಿದ್ದರೆ ಅವನ ಮುಂದೆ ಕಾಗದ ಇಟ್ಟು 21ರಲ್ಲಿ 11ರ ಲೆಕ್ಕ ಬರೆದು ತೋರಿಸಿ. ಅದಕ್ಕೂ ಬಗ್ಗದಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿಸಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.